ಕೋಡಿನ ಬಣ್ಣದ ಗಿಟಾರು

ಐಗಳಿ
20-3-1994

ಪ್ರೀತಿಯ ಬಾಬಾಸಾಹೇಬಣ್ಣನಿಗೆ,

ಹೊಸದು ಹಳೆಯದರ ಹಾಗೆ ನುಡಿಯಬಲ್ಲದು, ಹಳೆಯದು ಮಾತ್ರ ಇನ್ನೊಂದರ ಹಾಗೆ ನುಡಿಯಲಾರದು ಎಂದೋ, ಅಥವಾ ಇದರ ತಿರುವುಮುರುವೋ, ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ನೀನು ಏನೋ ಅಂದೆ. ಅಷ್ಟರಲ್ಲಿ ಮಿರಜದ ಗಾಡಿ ಬಂತು. ನೀನು ಓಡಿದೆ. ನಿನ್ನ ಹೊಸ ಗಿಟಾರಿನ ಪೆಟ್ಟಿಗೆ ಹಿಡಿದುಕೊಂಡು ನಾನು ನಿಂತೆ. ಮಾತಿನ ಅರ್ಧ ನನ್ನ ಹತ್ತಿರ ಉಳಿಯಿತು, ಉಳಿದರ್ಧ ನಿನ್ನ ಜೊತೆ ಕೊಲ್ಹಾಪುರಕ್ಕೆ ಹೋಯಿತು.

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ದ್ರಾಕ್ಷಿ ಕೊಯ್ಲು ಮುಗಿದು ಗೊನೆಗಳೆಲ್ಲ ಒಣಗಿಸುವ ಶೆಡ್ಡಿಗೆ ಏರುವ ತನಕ ಈ ಸೀಮೆಯಲ್ಲಿ ಯಾರೂ ಯಾರಿಗೂ ಕಾಗದ ಬರೆಯುವುದಿಲ್ಲ. ಅಥಣಿಯ ಕಾಲೇಜಿನಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ ಬೇರೆ. ಇವೆಲ್ಲ ನೆಪ. ನೀನು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಅವ್ವನ ಮೊಣಕಾಲು ನೋವು ಬಿಟ್ಟರೆ ಮನೆಯಲ್ಲಿ ಎಲ್ಲ ನೆಟ್ಟಗಿದೆ. ಮಗಳು ಸುಂದರಾ ಎಂಟನೆಯ ಇಯತ್ತೆಗೆ ಹೋಗುತ್ತಾಳೆ. ಲೆಕ್ಕದಲ್ಲಿ ಹಿಂದೆ, ಮಾತಿನಲ್ಲಿ ಮುಂದೆ.

ನೀನು ಹೇಳಿದಂತೆ ಎರಡನ್ನೂ ಬಾರಿಸಿ ನೋಡುತ್ತಿದ್ದೇನೆ. ಶೆಡ್ಡಿನ ಮೂಲೆಯಲ್ಲಿ ನಿಮ್ಮ ನಿಪ್ಪಾಣಿ ಆರ್ಕೆಸ್ಟ್ರಾದ ಹಳೆಯ ಆಂಪ್ಲಿಫಾಯರ್ ಇಟ್ಟಿದ್ದೇನೆ. ಕರೆಂಟು ಇದ್ದಾಗ ಅದು ಕೆಮ್ಮಿ ಕೆಮ್ಮಿ ಬಿಸಿಯಾಗುತ್ತದೆ. ನಮ್ಮ ಹಾಲಸಿದ್ದಣ್ಣನ ಗಿಟಾರು ಒಂದು ಮಂಚದ ಮೇಲೆ, ನಿನ್ನದು ಇನ್ನೊಂದರ ಮೇಲೆ. ಅದೇ ಅಮೆರಿಕದ ಕಂಪನಿ, ತಾನೇ ಅರವತ್ತರ ಸುಮಾರಿಗೆ ಮಾಡಿದ್ದನ್ನು ಅಳತೆ ತೆಗೆದು ಈಗ ಮತ್ತೆ ಮಾಡಿ ಮಾರುತ್ತಿದೆ ಎಂದೆಯಲ್ಲ, ಅಳತೆಯಲ್ಲಿ ಮೋಸವಿಲ್ಲ. ಸ್ಕೇಲು ಹಿಡಿದು ನೋಡಿದೆ. ಹಳೆಯದರಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಹೊದಿಕೆಯ ಒಂದು ಸ್ಕ್ರೂ ತುಸು ವಾರೆಯಾಗಿದೆ. ಹೊಸದರಲ್ಲೂ ಅದೇ ಸ್ಕ್ರೂ ಅಷ್ಟೇ ವಾರೆ. ಅಂದು ಯಾರದೋ ಕೈ ತಪ್ಪಿ ಆದದ್ದನ್ನು ಇಂದು ಇನ್ಯಾರೋ ಜಾಗ್ರತೆಯಿಂದ ಮಾಡಿದ್ದಾರೆ.

ದ್ರಾಕ್ಷಿ ತೂಗುವ ತಕ್ಕಡಿಯಲ್ಲಿಟ್ಟರೆ ಹಳೆಯದೇ ಹಗುರ. ಮರ ಒಣಗಿ ಒಣಗಿ ನೀರು ಬಿಟ್ಟಿದೆ. ಅದರ ಕುತ್ತಿಗೆಯ ಅಂಚು ಸವೆದು ಗುಂಡಗಾಗಿದೆ, ಮೆಟ್ಟುಗಳ ನಡುವಿನ ಮರ ಅಣ್ಣನ ಬೆರಳಿಗೆ ತಗ್ಗು ಬಿದ್ದಿದೆ. ನನ್ನ ಬೆರಳು ಆ ತಗ್ಗಿನಲ್ಲಿ ಕೂರುವುದಿಲ್ಲ, ಪಕ್ಕದಲ್ಲಿ ಬೀಳುತ್ತದೆ. ಹಳೆಯ ಅಯಸ್ಕಾಂತ ಸ್ವಲ್ಪ ಸೋತಿದೆ ಎಂದು ಕಾಣುತ್ತದೆ. ದನಿ ಮೆತ್ತಗೆ, ಮೂರನೆಯ ತಂತಿ ಮಾತ್ರ ಉಳಿದವನ್ನು ಮೀರಿ ಕೂಗುತ್ತದೆ. ಹೊಸದರಲ್ಲಿ ಆರೂ ತಂತಿ ಶಿಸ್ತಿನಿಂದ ಒಂದೇ ಸಮ ನುಡಿಯುತ್ತವೆ. ಗುಂಯ್ಗುಡುವುದೂ ಕಡಿಮೆ. ಇದೆಲ್ಲ ಭೌತಶಾಸ್ತ್ರ ಹೇಳುವವನ ವರದಿ. ನಿನಗೆ ಬೇಕಾದದ್ದು ಇದಲ್ಲವೆಂದು ಗೊತ್ತು.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಚಿಕ್ಕೋಡಿ ರಸ್ತೆಯಲ್ಲಿ ಜೀಪು ಉರುಳಿ ಅಣ್ಣ ಹೋದ ದಿನ, ಅವನ ಹೆಣದ ಹಿಂದೆ ನೀನು ಈ ಗಿಟಾರು ತಂದು ನಮ್ಮ ಪಡಸಾಲೆಯ ಗೋಡೆಗೆ ಆನಿಸಿ ಹೋದೆ. ಆಮೇಲೆ ನೀನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವ್ವ ನಿನ್ನ ಮುಖ ನೋಡಿದರೆ ಅಳುತ್ತಾಳೆಂದು. ಆದ್ದರಿಂದ ನಿನ್ನ ಕಣ್ಣಿನಲ್ಲಿ ಅದು ಇನ್ನೂ ಹಾಲಿನ ಕೆನೆಯ ಬಣ್ಣದ ಗಿಟಾರು. ಅದು ಹಾಗಿಲ್ಲ ಅಣ್ಣಾ. ಮರುವರ್ಷ ಕಾರಹುಣ್ಣಿವೆಗೆ ಅವ್ವ ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತ ಕೂತವಳು, ಉಳಿದದ್ದನ್ನು ತಂದು ಗಿಟಾರಿಗೂ ಬಳಿದಳು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅದು ಹಸಿರಾಗಿ ನಿಂತಿತ್ತು. "ಇದೇನ ಮಾಡಿದಿ ಅವ್ವಾ" ಅಂದರೆ, "ವರ್ಷಾನಗಟ್ಲೆ ದುಡದ ಹಾಕೈತಿ ಹಾಲಸಿದ್ದಗ. ಎತ್ತಿಗಿ ಬಣ್ಣ, ಬಂಡಿಗಿ ಬಣ್ಣ, ಇದಕಷ್ಟ ಬ್ಯಾಡೇನ? ಇದೂ ಮನಿ ದುಡಿಯೋ ದನಾನ ಹೌದಲ್ಲ" ಅಂದಳು. ಅಂದಿನಿಂದ ಪ್ರತಿ ಕಾರಹುಣ್ಣಿವೆಗೂ ಒಂದು ಕೋಟು. ಒಂದು ವರ್ಷ ಗುಲಾಬಿ, ಒಂದು ವರ್ಷ ಬಂಗಾರ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ವರ್ಷವೂ ತಪ್ಪಲಿಲ್ಲ. ಕುತ್ತಿಗೆ, ತಂತಿ, ಬಿಳಿ ಪ್ಲಾಸ್ಟಿಕ್ಕು ಬಿಟ್ಟು ಮೈಯೆಲ್ಲ ಕೋಡಿನ ಬಣ್ಣ.

ಹೊಸದನ್ನು ಇಟ್ಟುಕೋ, ಹಾಲಸಿದ್ದನದನ್ನು ನನಗೆ ಕೊಡು ಎಂದು ಕೇಳಿದ್ದೀ. ಅವನ ಪಕ್ಕದಲ್ಲಿ ನಿಂತು ಬಾರಿಸಿದವನು ನೀನು. ಆ ದನಿ ನಿನ್ನ ಸ್ಟುಡಿಯೋದಲ್ಲಿ ಮತ್ತೊಮ್ಮೆ ಕೇಳಬೇಕೆನ್ನುವುದರಲ್ಲಿ ತಪ್ಪಿಲ್ಲ. ಆದರೆ ಕೊಡುವುದೋ ಬಿಡುವುದೋ ಹೇಳಬೇಕಾದವಳು ಶಿವಗಂಗಾ. ಅಣ್ಣನ ಹೆಂಡತಿಯಾಗಿದ್ದವಳು. ಅವನು ಹೋದ ಮರುವರ್ಷ ಹಿರಿಯರು ಕೂತು ಉಡಕಿ ಮಾಡಿ ನನಗೆ ಕೊಟ್ಟರು. ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತಿದ್ದೇನೆ, ಬರೆದರೆ ನನಗೂ ಗೊತ್ತಾಗಲಿ ಎಂದು. ಉಡಕಿಗೆ ಹಂದರವಿಲ್ಲ, ವಾದ್ಯವಿಲ್ಲ. ಇಳಿಹೊತ್ತಿಗೆ ನಾಲ್ಕು ಜನ ಬಂದರು, ಸೀರೆ ಉಡಿಸಿದರು, ತಾಳಿ ಕಟ್ಟಿಸಿದರು. ಅಣ್ಣನ ರುಮಾಲು ನನ್ನ ತಲೆಗೆ ಸುತ್ತಿದರು. ಸರಿಯಾಗಿ ಕೂತಿತು. ಇಷ್ಟು ವರ್ಷವಾದರೂ ನಾವಿಬ್ಬರೂ ಒಬ್ಬರೊಡನೊಬ್ಬರು ಅಣ್ಣನ ಹೆಸರು ಎತ್ತಿಲ್ಲ. ಈಗ ಗಿಟಾರಿನ ಮಾತು ತೆಗೆದರೆ ಅವನ ಹೆಸರು ತೆಗೆಯಲೇಬೇಕು. ಅದಕ್ಕೇ ತಡ.

ನಿನ್ನವನೇ,
ಲಗಮಣ್ಣ

*

ಐಗಳಿ
8-5-1994

ಪ್ರೀತಿಯ ಬಾಬಾಸಾಹೇಬಣ್ಣನಿಗೆ,

ನಿನ್ನ ಬೈಗುಳ ಮುಟ್ಟಿತು. ಅರೇ ದೇವಾ, ಅದೇನು ಎತ್ತಿನ ಕೋಡೇ ಎಂದು ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಒಂದು ಪುಟ ಬೈದಿದ್ದೀ. ಓದಿ ನಗು ಬಂತು. ಹಳೆಯ ಗಿಟಾರಿನ ಬೆಲೆಯೆಲ್ಲ ಅದರ ಮೂಲ ಬಣ್ಣದಲ್ಲಿದೆ, ಮುಂಬೈಯವರು ಇದನ್ನು ನೋಡಿದರೆ ಎದೆ ಬಡಿದುಕೊಳ್ಳುತ್ತಾರೆ ಎಂದಿದ್ದೀ. ಬಡಿದುಕೊಳ್ಳಲಿ. ಬಣ್ಣ ನಿಧಾನವಾಗಿ ಹೆರೆದು ತೆಗೆ, ಸ್ಯಾಂಡ್ ಪೇಪರ್ ಮುಟ್ಟಿಸಬೇಡ ಎಂದೆಯಲ್ಲ, ಹಾಗೆಯೇ ಶುರು ಮಾಡಿದೆ. ಒಡೆದ ಗಾಜಿನ ಚೂರು ಹಿಡಿದು, ಬಡಿಗರು ಮಾಡುವಂತೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಮುಗಿದಿತ್ತು, ಕಾಲೇಜಿಗೆ ರಜೆ.

ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಿದ್ದೆ. ಅವ್ವ ಹೊರಗಿನಿಂದ ಬಂದವಳು ಕೋಲೂರಿ ನಿಂತಳು.

"ಏನ ಮಾಡಾಕತ್ತೀಲೇ?"

"ಬಣ್ಣ ತಗ್ಯಾಕತ್ತೀನಿ."

"ಯಾಕ? ಕಚ್ಚಾಕತ್ತಿತ್ತೇನ ನಿನಗ?"

"ಬಾಬಾಸಾಹೇಬಣ್ಣಗ ಇದರ ಮೊದಲಿನ ಬಣ್ಣ ಬೇಕಂತ."

"ಆ ನಿಪ್ಪಾಣಿ ಬಾಬ್ಯಾಗ? ಅಂವ ಒಂದ ವರ್ಷರ ಬಂದ ಹಚ್ಚ್ಯಾನೇನ? ಮೊದಲಿನ ಬಣ್ಣ ಅಂತ! ಕಾರಹುಣ್ಣಿವಿ ದಿನಾ ಯಾವ ಎತ್ತರ ಮೊದಲಿನ ಬಣ್ಣದಾಗ ಊರಾಗ ಹೊಕ್ಕೈತೇನ ಕೇಳ ಅವನ್ನ. ಮಂದಿ ನಗತಾರ."

"ಇದೇನ ಎತ್ತಲ್ಲ ಅವ್ವಾ."

"ಎತ್ತಲ್ಲ ಖರೆ. ಎತ್ತಾದ್ರ ಸತ್ತಾದ್ರೂ ಹೋಗತಿತ್ತ."

ಅಷ್ಟಂದು ಒಳಗೆ ಹೋದಳು. ಮೊಣಕಾಲಿನ ನೋವಿಗೆ ಮುಲುಗುತ್ತಿದ್ದಳೋ ಏನೋ. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದಲೇ ಕೂಗಿದಳು: "ಆ ಬಾಬ್ಯಾಗ ಬರೀ ಗಿಟಾರ ಬೇಕೇನ, ಒಂದ ವಾಟಗಾ ಚಾ ಕುಡ್ಯಾಕ ಬರಾಕ ಆಗಂಗಿಲ್ಲಂತೇನ ಅವಗ?" ಇದನ್ನು ಹಾಗೆಯೇ ಬರೆದಿದ್ದೇನೆ, ನಿನಗೆ ಮುಟ್ಟಲಿ ಎಂದು.

ಬಣ್ಣ ಪದರು ಪದರಾಗಿ ಬಂತು. ಕೆಂಪು ಎದ್ದರೆ ಅದರಡಿಗೆ ಹಸಿರು, ಹಸಿರು ಎದ್ದರೆ ಗುಲಾಬಿ. ಯಾವ ಬಣ್ಣ ಯಾವ ವರ್ಷದ್ದೆಂದು ಮೊದಮೊದಲು ನೆನಪಾಯಿತು, ಸುಂದರಾ ಹುಟ್ಟಿದ್ದು, ಬಾವಿ ತೋಡಿದ್ದು. ಆಮೇಲೆ ಬಿಟ್ಟೆ. ಕೈಗೆ ಕೆಲಸವಿದ್ದಾಗ ನೆನಪು ಸುಮ್ಮನೆ ಬಂದು ಹೋಗುತ್ತದೆ, ಕೂರುವುದಿಲ್ಲ. ಕೊನೆಗೆ ಕೆನೆಯ ಬಣ್ಣ ಕಂಡಿತು. ಅದೂ ಹಳದಿಗೆ ತಿರುಗಿತ್ತು. ಮೇಲಿನ ಅಂಚಿನ ಹತ್ತಿರ, ಬಾರಿಸುವವನ ಬಲ ಮೊಣಕೈ ಕೂರುವಲ್ಲಿ, ಕೆನೆ ಬಣ್ಣವೂ ಇರಲಿಲ್ಲ. ಅಂಗೈ ಅಗಲ ಬರೀ ಮರ, ನುಣ್ಣಗೆ, ಬೆವರು ಕುಡಿದು ಕಪ್ಪಾದ ಮರ. ನಿನ್ನ ಹೊಸದರಲ್ಲಿ ಆ ಜಾಗ ಹೊಳೆಯುತ್ತದೆ. ಎರಡಕ್ಕೂ ನಿಜವಾದ ಅಂತರ ಬೇಕಿದ್ದರೆ ಅದು ಅಲ್ಲಿದೆ, ಬರೆದುಕೋ.

ಶಿವಗಂಗಾ ಚಹ ತಂದಳು. ಕಪ್ಪು ಕೆಳಗಿಡಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. ನಾನು ಗಾಜಿನ ಚೂರು ಪಕ್ಕಕ್ಕಿಟ್ಟೆ. ಅವಳು ಸೆರಗಿನ ತುದಿಯಿಂದ ಆ ಜಾಗದ ಪುಡಿ ಒರೆಸಿದಳು.

"ಇಷ್ಟ ಸವದಿದ್ದು ನನಗ ಗೊತ್ತಿತ್ರಿ," ಎಂದಳು. "ಅಂಗಿ ತೋಳ ಇಲ್ಲೇ ಹರೀತಿತ್ತು. ಹೊಲದ ಹೊಲದ ಸಾಕಾಗತಿತ್ತು ನನಗ."

ಇನ್ನೊಂದು ಮಾತು ಬರಲೆಂದು ಕಾದೆ. ಅದೂ ಬಂತು.

"ಬಾಬಾಸಾಹೇಬರು ಕೇಳ್ಯಾರಂತ? ಅತ್ತಿ ಹೇಳಿದ್ರು."

"ಹೌದು. ಹಾಲಸಿದ್ದಣ್ಣಂದು ಅವರಿಗೆ, ಹೊಸಾದು ನಮಗ. ಕೊಡೋದೋ ಬ್ಯಾಡೋ ನೀ ಹೇಳಬೇಕು."

ಹೆಸರು ಬಾಯಿಂದ ಬಂದಿತ್ತು. ನಾನಂದುಕೊಂಡಷ್ಟು ಭಾರ ಇರಲಿಲ್ಲ. ಅವಳು ಚಹದ ಮೇಲೆ ಕೂತ ನೊಣ ಓಡಿಸಿದಳು.

"ಕೊಟ್ಟಬಿಡ್ರಿ," ಎಂದಳು. "ಬಾರಸಾವ್ರ ಕಡೆ ಇರಲಿ. ಇಲ್ಲಿ ಗ್ವಾಡಿಗಿ ನಿಂತ ನನ್ನ ನೋಡಕೋತ ಇರತೈತಿ. ನಾ ಕಸಾ ಹೊಡೀವಾಗ ನೋಡತೈತಿ, ನಿಮಗ ಊಟಕ ನೀಡುವಾಗ ನೋಡತೈತಿ. ಬೈಯಾಂಗೂ ಇಲ್ಲ, ಅಳಾಂಗೂ ಇಲ್ಲ. ಎಷ್ಟಂತ ನಿಲ್ಲತೈತಿ ಅದರ?"

"ಅವ್ವ?"

"ಅತ್ತೀನ ನಾ ನೋಡಕೋತೀನಿ. ನೀವು ಚಾ ಕುಡೀರಿ, ಆರತೈತಿ."

ಇಷ್ಟೇ ಮಾತು. ಉಳಿದ ಬಣ್ಣ ಈ ವಾರ ತೆಗೆಯುತ್ತೇನೆ. ಅವ್ವ ಒಪ್ಪಿದ ಕೂಡಲೇ ಕಳಿಸುತ್ತೇನೆ. ಕಾರಹುಣ್ಣಿವೆ ದಾಟಲಿ ಎಂದಿದ್ದಾಳೆ. ಅವಳ ಕಾರಣ ಅವಳಿಗೆ.

ನಿನ್ನವನೇ,
ಲಗಮಣ್ಣ

*

ಐಗಳಿ
27-6-1994

ಪ್ರೀತಿಯ ಬಾಬಾಸಾಹೇಬಣ್ಣನಿಗೆ,

ಈ ಕಾಗದ ಗಿಟಾರಿನ ಜೊತೆಗೇ ಬರುತ್ತಿದೆ. ತರುತ್ತಿರುವವನು ಪಕ್ಕದ ತೋಟದ ಮುರಗೆಪ್ಪ. ಒಣದ್ರಾಕ್ಷಿಯ ಟೆಂಪೋ ಸಾಂಗಲಿಗೆ ಹೊಡೆದುಕೊಂಡು ಹೋಗಿ, ಅಲ್ಲಿಂದ ತಾನೇ ಬಸ್ಸು ಹತ್ತಿ ನಿನ್ನ ಮನೆಗೆ ಮುಟ್ಟಿಸುತ್ತೇನೆಂದಿದ್ದಾನೆ. ಪೆಟ್ಟಿಗೆ ಅದೇ ಹಳೆಯದು. ತೆರೆದರೆ ಇನ್ನೂ ತಂಬಾಕಿನ ವಾಸನೆ ಬರುತ್ತದೆ. ನಿಪ್ಪಾಣಿಯ ವಖಾರಿಯಲ್ಲಿ ಚೀಲಗಳ ಮೇಲೆ ಕೂತು ನೀವೆಲ್ಲ ತಾಲೀಮು ಮಾಡಿದ್ದು ಅದರ ಅರಿವೆಯಲ್ಲಿ ಉಳಿದಿದೆ. ಮುರಗೆಪ್ಪ ಪೆಟ್ಟಿಗೆ ಎತ್ತಿ ನೋಡಿ, "ಏನ್ರಿ ಸರ, ಇದರಾಗ ಪೊಳ್ಳ ಎಲ್ಲೈತ್ರಿ? ಪೊಳ್ಳ ಇಲ್ಲದ್ದು ನುಡಿಯೋದ ಹ್ಯಾಂಗ?" ಎಂದ. ಕರೆಂಟಿನಿಂದ ಎಂದೆ. "ಹಂಗಾದ್ರ ನಮ್ಮೂರಾಗ ಇದು ಮೂಕ ಬಸಪ್ಪನ," ಎಂದು ನಕ್ಕ.

ಕಾರಹುಣ್ಣಿವೆ ಆಯಿತು. ಅವ್ವ ಬಣ್ಣದ ಡಬ್ಬಿ ತೆರೆದು ಕೂತಳು. ಅಷ್ಟು ದಿನ ಹೆರೆದದ್ದೆಲ್ಲ ಹೋಯಿತು ಅಂದುಕೊಂಡೆ. ಶಿವಗಂಗಾ ಅವಳ ಪಕ್ಕ ಕೂತು ಕಿವಿಯಲ್ಲಿ ಏನು ಹೇಳಿದಳೋ. ಅವ್ವ ಬಹಳ ಹೊತ್ತು ಗಿಟಾರನ್ನು ತಿರುವಿ ಮುರುವಿ ನೋಡಿದಳು. ಆಮೇಲೆ ಬೆನ್ನ ಕಡೆ, ಬಾರಿಸುವವನ ಹೊಟ್ಟೆಗೆ ತಾಗುವ ಕಡೆ, ಬೆರಳಿನಿಂದ ಗುಲಾಬಿಯ ಒಂದು ಗೆರೆ ಎಳೆದಳು. "ಮಂದಿಗಿ ಕಾಣಂಗಿಲ್ಲ. ಬಾಬ್ಯಾಗ ಹೇಳ, ಈ ಗೆರಿ ತಗದ್ರ ಕೈ ಮುರೀತೀನಿ," ಎಂದಳು. ದಯವಿಟ್ಟು ತೆಗೆಯಬೇಡ. ಕೈ ಮುರಿಯುತ್ತಾಳೆಂದಲ್ಲ.

ಹೊಸದಕ್ಕೂ ಹಚ್ಚುತ್ತೀಯಾ ಎಂದು ಸುಂದರಾ ಕೇಳಿದಳು. ಅಜ್ಜಿ ಅದರ ಕಡೆ ನೋಡಲೂ ಇಲ್ಲ. "ಅದಿನ್ನಾ ಕರಾ. ದುಡದ ತೋರಸಲಿ, ಆಮ್ಯಾಲ ನೋಡೂಣು."

ನೀನು ಕೇಳಿದ್ದು ಎರಡರಲ್ಲಿ ಯಾವುದು ಮೇಲು ಎಂದು. ಕೈಲಿ ಹಿಡಿದು ದಿನಗಟ್ಟಲೆ ಕೂತ ಮೇಲೆ ಹೇಳಬಲ್ಲೆ: ಹಳೆಯದರ ಸ್ವರ ಮೀಟಿದ ಮೇಲೆ ಸ್ವಲ್ಪ ಹೊತ್ತು ಹಿಂಜರಿದು ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಹೊಸದರ ಸ್ವರ ಕೂಡಲೇ ಬರುತ್ತದೆ, ಚೊಕ್ಕವಾಗಿ ನಿಲ್ಲುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಹಳೆಯದೇ ಚೆಂದ. ಬಾರಿಸುವುದಕ್ಕೆ ನನಗೆ ಹೊಸದೇ ಸರಿ. ಹಳೆಯದನ್ನು ಎತ್ತಿಕೊಂಡಾಗಲೆಲ್ಲ ಇನ್ನೊಬ್ಬರ ಜಾಗದಲ್ಲಿ ಕೂತು ಅವರು ಬರುವ ದಾರಿ ನೋಡಿದ ಹಾಗಾಗುತ್ತಿತ್ತು. ಇದನ್ನು ಭೌತಶಾಸ್ತ್ರದ ಯಾವ ಪಾಠದಲ್ಲೂ ಹೇಳಿಲ್ಲ.

ನಿನ್ನ ಮಗನ ಮದುವೆ ದೀಪಾವಳಿ ಆದ ಮೇಲೆ ಎಂದು ಬರೆದಿದ್ದೀ, ಸಂತೋಷ. ಅವನಿಗೂ ಬರುವ ಸೊಸೆಗೂ ಅವ್ವ ಆಶೀರ್ವಾದ ಹೇಳಿದ್ದಾಳೆ, ಹೊಟ್ಟೆ ತುಂಬ ಅನ್ನ, ಮನೆ ತುಂಬ ಮಾತು ಇರಲಿ ಎಂದು. ಬ್ಯಾಂಡು ಜೋರಾಗಿ ಇಡಿಸು. ನಾವೆಲ್ಲ ಬರುತ್ತೇವೆ. ಅದಕ್ಕೂ ಮೊದಲು ನೀನು ಐಗಳಿಗೆ ಬಾ. ಅವ್ವ ಅತ್ತರೆ ಅಳಲಿ.

ನಿನ್ನವನೇ,
ಲಗಮಣ್ಣ

ತಾ.ಕ.: ಇದನ್ನು ಮೇಲೆ ಬರೆಯಬಾರದೆಂದುಕೊಂಡಿದ್ದೆ. ಮುರಗೆಪ್ಪ ಟೆಂಪೋಕ್ಕೆ ಹಗ್ಗ ಬಿಗಿಯುತ್ತಿದ್ದಾನೆ, ಅಷ್ಟರೊಳಗೆ ಬರೆದುಬಿಡುತ್ತೇನೆ.

ನಿನ್ನೆ ಭಾನುವಾರ ಮಧ್ಯಾಹ್ನ ಹೊಸದನ್ನು ಕರೆಂಟಿಲ್ಲದೆ ಸುಮ್ಮನೆ ಮೀಟುತ್ತ ಪಡಸಾಲೆಯಲ್ಲಿ ಕೂತಿದ್ದೆ. ಸೊಳ್ಳೆ ಹಾಡಿದಷ್ಟು ಸದ್ದು. ಶಿವಗಂಗಾ ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಗೋಡೆ ಖಾಲಿಯಿತ್ತು, ಹಳೆಯದು ಆಗಲೇ ಪೆಟ್ಟಿಗೆ ಸೇರಿತ್ತು. ಒಂದು ಕಡೆ ನನ್ನ ಬೆರಳು ಜಾರಿ ಅಪಸ್ವರ ಬಂತು. ಅವಳು ಮೊರದಿಂದ ತಲೆ ಎತ್ತದೆ, "ತಪ್ಪಿದಿ ನೋಡ ಲಗಮ್ಯಾ! ಬೆರಳಿಗೇನ ಲಕ್ವಾ ಹೊಡದೈತೇನಲೇ?" ಎಂದಳು.

ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡು, ಮೊರ ಅಲ್ಲೇ ಬಿಟ್ಟು ಒಳಗೆ ಹೋದಳು. ಆಮೇಲೆ ಊಟಕ್ಕೆ ಕರೆದಾಗ ಮತ್ತೆ ಎಂದಿನಂತೆ, "ಏಳ್ರಿ, ತಾಟ ಹಾಕೇನಿ."

ನಿನಗೆ ಇದು ತಿಳಿಯಲಾರದು. ಅವಳು ಅಣ್ಣನ ಹೆಂಡತಿ, ನನ್ನ ವೈನಿ ಆಗಿದ್ದಾಗ ನನಗಿಂತ ಎರಡು ವರ್ಷ ದೊಡ್ಡವಳೆಂಬ ಜೋರಿನಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದಳು. ಚಿಕ್ಕೋಡಿಯ ಕಾಲೇಜಿನಿಂದ ಶನಿವಾರ ಬಂದರೆ ಬಾಗಿಲಲ್ಲೇ ಕಾಲೆಳೆಯುತ್ತಿದ್ದಳು. ಫೇಲಾದಾಗ ಅಣ್ಣನಿಗೆ ಹೇಳದೆ ನನ್ನ ಪರ ಸುಳ್ಳು ಹೇಳಿದವಳು, ಆ ಸುಳ್ಳಿಗಾಗಿ ತಿಂಗಳುಗಟ್ಟಲೆ ನನ್ನನ್ನು ಕುಣಿಸಿದವಳು. ಈ ಮನೆಯಲ್ಲಿ ನಾನು ಎದೆ ಬಿಚ್ಚಿ ಮಾತಾಡಿದ್ದು ಅವಳೊಬ್ಬಳ ಹತ್ತಿರ. ಉಡಕಿಯ ಇಳಿಹೊತ್ತು ತಾಳಿ ಕಟ್ಟಿದೆ, ಅಂದಿನಿಂದ ಅವಳ ಬಾಯಲ್ಲಿ ನನಗೆ ಹೆಸರಿಲ್ಲ, ಬೈಗುಳವಿಲ್ಲ. ಮರ್ಯಾದೆ ಮಾತ್ರ. ಲಗಮಣ್ಣನಿಗೆ ಹೆಂಡತಿ ಸಿಕ್ಕಳು ಎಂದು ಊರು ಹೇಳಿತು. ಒಳ್ಳೆಯ ಹೆಂಡತಿ, ಸುಳ್ಳಲ್ಲ. ಅಣ್ಣ ಹೋದದ್ದಕ್ಕೆ ಊರೆಲ್ಲ ಬಂದು ಕೂತು ಅತ್ತಿತು. ನನ್ನ ವೈನಿ ಹೋದದ್ದು ನನಗೊಬ್ಬನಿಗೇ ಗೊತ್ತು, ಅದಕ್ಕೆ ಯಾರೂ ಮಾತಾಡಿಸಲು ಬರಲಿಲ್ಲ. ಅವಳು ಅಡಿಗೆಮನೆಯಲ್ಲಿ ಓಡಾಡುವ ಸದ್ದು ಈಗಲೂ ಕೇಳುತ್ತಿದೆ.

ವೈನೀ, ನಾ ಇನ್ನೊಮ್ಮೆ ತಪ್ಪಿದ್ರ ಬೈತೀ ಏನು?